ಷರಾ

ರಿಜಿಸ್ಟರಿನ ಕೊನೆಯ ಕಾಲಂ ಷರಾ.
ಬೆರಳಗಲವೂ ಇಲ್ಲ.
ನನಗಿಂತ ಮುಂಚೆ ಇದ್ದವರು ಅಲ್ಲಿ ಕೆಂಪು ಶಾಯಿಯಲ್ಲಿ
ಬಂದಿಲ್ಲ ಎಂದು ಬರೆದು
ಅದರ ಕೆಳಗೆ ಮೇಲಿನಂತೆ, ಮೇಲಿನಂತೆ ಎನ್ನುತ್ತ
ಪುಟದ ಬುಡದವರೆಗೆ ಇಳಿದಿದ್ದರು.

ಮಂಡ್ಯದ ದೊಡ್ಡಾಸ್ಪತ್ರೆ, ಎಕ್ಸ್‌ರೇ ದಾಟಿ ಎಡಕ್ಕೆ,
ಬೋರ್ಡು ಓದಲು ಯಾರೂ ನಿಲ್ಲದ ಕೊಠಡಿ.
ಸೇರಿದ ವಾರವೇ ಪೆನ್ಸಿಲ್ಲು ತಂದುಕೊಂಡೆ,
ಅಳಿಸುವಂತಿರಲಿ ಅಂತ.

ಯಾಕೆ ಬರಲಿಲ್ಲ ಎಂದು ಒಬ್ಬೊಬ್ಬರಿಗೂ ಫೋನು.
ಇನ್ನೂರ ಹನ್ನೊಂದು ಅಂದ: ಆಲೆಮನೇಲಿ ಒಲೆಗೆ ರಚ್ಚು ನೂಕೋನು ನಾನೇ,
ಕೊಪ್ಪರಿಗೆ ನನಗೋಸ್ಕರ ಕಾಯ್ತದಾ ಅಕ್ಕ?
ಆರುನೂರ ನಾಲ್ಕು: ಚೀಟಿ ಕೊಡೋ ಹುಡುಗ ನಮ್ಮ ಬೀದಿಯವನು.
ಎಂಟುನೂರ ಎಪ್ಪತ್ತರ ಫೋನು ಎತ್ತಿದ್ದು ಅತ್ತೆ.
ಬ್ಯಾಂಕಿನಿಂದ, ಅಂದು ಇಟ್ಟುಬಿಟ್ಟೆ.

ಹೆಸರು ಬರೆಯುವಂತಿಲ್ಲ. ನಂಬರು ಅಂದರೆ
ತಲೆ ಮೇಲೆ ಎಳೆದುಕೊಂಡ ಸೆರಗು;
ಒಳಗಿನ ಮುಖ ನನಗೆ ಗೊತ್ತು.
ಅದೇ ಪುಸ್ತಕದಲ್ಲಿ ತೊಂಬತ್ತಾರು ನಾನು.
ಆ ಸಾಲಿನ ಷರಾ ಇಂದಿಗೂ ಖಾಲಿ. ದೇವರು ದೊಡ್ಡವನು,
ಮಾತ್ರೆಯೂ.

ಒಂದು ಭಾನುವಾರ ಮಗಳ ಡ್ರಾಯಿಂಗ್ ಹಾಳೆಯ ಮೇಲೆ
ತಾಲ್ಲೂಕು ಬರೆದು, ಬಾರದ ಒಬ್ಬೊಬ್ಬರಿಗೂ
ಒಂದೊಂದು ತೊಗರಿಕಾಳು ಇಟ್ಟೆ. ನಲವತ್ತೊಂದು ಕಾಳು.
ಚೆಲ್ಲಾಪಿಲ್ಲಿ ಆಗಬೇಕಿತ್ತು.
ಆಗಲಿಲ್ಲ. ಇಪ್ಪತ್ತಾರು
ನಾಲೆ ಏರಿಯ ಗುಂಟ ಸಾಲು ಹಿಡಿದು ಕೂತವು.
ತಿಂಗಳು ನೋಡಿದರೆ ಎಲ್ಲವೂ ದೀಪಾವಳಿ ಕಳೆದ ಮೇಲೆ.
ಏರಿ ಮೇಲೆ ಬರುತ್ತಿದ್ದ ಆರೂವರೆ ಬಸ್ಸು
ನಿಂತದ್ದು ಆವಾಗಲೇ.
ಒಬ್ಬರೂ ಹೇಳಿರಲಿಲ್ಲ ಅದನ್ನು. ಒಬ್ಬೊಬ್ಬರಿಗೂ
ಅದು ತಮ್ಮೊಬ್ಬರ ಕಷ್ಟ.
ಮುಂದಿನ ಬಸ್ಸು ಮುಟ್ಟೋದು ಹನ್ನೊಂದೂಕಾಲಿಗೆ;
ನಮ್ಮಲ್ಲಿ ರಕ್ತ ತೆಗೆಯೋದು ಹನ್ನೊಂದರವರೆಗೆ.

ಮೀಟಿಂಗಿನಲ್ಲಿ ಸಾಹೇಬರು ಶೇಕಡಾವಾರು ಕೇಳಿದರು.
ಹದಿನೆಂಟಾ? ಇಡೀ ಜಿಲ್ಲೆಯ ಮರ್ಯಾದೆ ತೆಗೆದಿರಿ, ಅಂದರು.
ಹದಿನೆಂಟಲ್ಲ ಸಾರ್, ಅಂದೆ,
ಒಂದು ಬಸ್ಸು.
ಹಾಳೆ ಬಿಚ್ಚಿದೆ. ಕಾಳು ಅಂಟಿಸಿದ್ದೆ, ಎರಡು ಮೇಜಿನ ಮೇಲೆ ಉದುರಿದವು.
ಡಾಕ್ಟರ್ ತಸ್ನೀಮ್ ಅವನ್ನು ಹೆಕ್ಕಿ
ಮತ್ತೆ ಏರಿ ಮೇಲೆ ಇಟ್ಟರು.

ಬಸ್ಸು ಬರಲಿಲ್ಲ, ಅದು ನಮ್ಮ ಕೈಲಿಲ್ಲ.
ಮಾತ್ರೆ ಹೋಯಿತು. ತಿಂಗಳಿಗೊಂದು ಗುರುವಾರ
ಏರಿ ಪಕ್ಕದ ಸಣ್ಣಾಸ್ಪತ್ರೆಗೆ,
ಬಿಪಿ ಶುಗರಿನವರ ಅದೇ ಸಾಲು, ಅದೇ ಕಿಟಕಿ.
ನೆಟ್ಟಗಿದ್ದವರಿಗೆ ಮೂರು ತಿಂಗಳದ್ದು ಒಟ್ಟಿಗೆ.
ಡಬ್ಬಿ ಗಲಗಲ ಅನ್ನುತ್ತೆ, ಜನ ತಿರುಗಿ ನೋಡ್ತಾರೆ ಅಂತ
ಒಂಬತ್ತು ಮಂದಿ ಹೇಳಿದ್ದು ಷರಾದಲ್ಲಿತ್ತು;
ಫಾರ್ಮಸಿಯ ಕೆಂಪರಾಜು ಈಗ
ಡಬ್ಬಿ ಡಬ್ಬಿಗೂ ಚೂರು ಹತ್ತಿ ತುರುಕುತ್ತಾನೆ.

ಸಂಕ್ರಾಂತಿ ಹೊತ್ತಿಗೆ ರಬ್ಬರು ಸವೆದಿತ್ತು.
ಹತ್ತೊಂಬತ್ತು ಅಳಿಸಿದೆ.
ಇನ್ನೂರ ಹನ್ನೊಂದನ್ನು ಅಳಿಸುವ ಮೊದಲೇ
ಅವನ ತಮ್ಮ ಬಂದು ಕಾರ್ಡು ಮೇಜಿನ ಮೇಲಿಟ್ಟು ಹೋದ.
ಕಾರ್ಡಿನ ಮೂಲೆಗೆ ಬೆಲ್ಲದ ಜಿಗುಟು.

ನಿನ್ನೆ ಮತ್ತೆ ಎಂಟುನೂರ ಎಪ್ಪತ್ತು. ಎತ್ತಿದ್ದು ಅದೇ ಅತ್ತೆ.
ಬ್ಯಾಂಕಿನಿಂದ, ಅಂದೆ.
ಆ ಕಡೆ ಸ್ವಲ್ಪ ಹೊತ್ತು ಬರೀ ಹಸು ಕೂಗುವ ಸದ್ದು.
ಯಾವ ಗುರುವಾರ ಕಳಿಸ್ಲವ್ವ, ಅಂದಳು,
ನಿಮ್ಮ ಬ್ಯಾಂಕಿಗೆ ನನ್ನ ಸೊಸೇನ?

ಷರಾ ಬೆರಳಗಲವೂ ಇಲ್ಲ.
ಅತ್ತೆಗೆ ಗೊತ್ತು, ಎಂದು ಬರೆದೆ.
ಶಾಯಿಯಲ್ಲೇ.